ಬತ್ತಿದರೆ ಬತ್ತಲಿ ಬಿಡ್ರೀ...

“ಏನ್ರೀ ಸಾಹೇಬ್ರೆ, ನಿಮ್ಮ ಹೊಂಡ ಬತ್ತೇ ಹೋಯ್ತಲ್ಲ!”

ಫೆಬ್ರವರಿ ಬಂತೆಂದರೆ ಈ ಮಾತು ನನಗೆ ತಪ್ಪಿದ್ದಲ್ಲ. ಹೇಳುವವರ ದನಿಯಲ್ಲಿ ಕನಿಕರ ಬೇರೆ. ಮಗ ಹತ್ತನೇ ಕ್ಲಾಸಿನಲ್ಲಿ ಫೇಲಾದರೆ ಅಪ್ಪನಿಗೆ ಸಮಾಧಾನ ಹೇಳ್ತಾರಲ್ಲ, ಹಾಗೆ. “ಹೌದು, ಬತ್ತಿದೆ. ಬತ್ತಲಿ ಅಂತಲೇ ತೋಡಿದ್ದು” ಅಂದರೆ, ಪಾಪ ಇವರಿಗೆ ಏನೋ ಆಗಿದೆ ಅನ್ನುವ ಹಾಗೆ ನೋಡಿ ವಾಕಿಂಗ್ ಮುಂದುವರಿಸುತ್ತಾರೆ. ಇಷ್ಟು ದಿನ ನಕ್ಕು ಸುಮ್ಮನಿರುತ್ತಿದ್ದೆ. ಈಗ ಸುಮ್ಮನಿರುವ ಹಾಗಿಲ್ಲ. ಯಾಕೆಂದರೆ ಈ ಹೊಂಡವನ್ನು ‘ಸುಧಾರಿಸುತ್ತೇವೆ’ ಅಂತ ದುಡ್ಡಿನ ಸಮೇತ ಜನ ಬಂದಿದ್ದಾರೆ.

ಮೊದಲು ವಿಷಯ ಹೇಳಿಬಿಡುತ್ತೇನೆ. ನಾನು ಪುಣೆಗೆ ಬಂದು 27 ವರ್ಷವಾಯಿತು. ಓದಿದ್ದು ಬಿಕಾಂ, ಮಾಡುವುದು ಬ್ಯಾಂಕಿನ ಕೆಲಸ. ವಿಜ್ಞಾನಿ ಅಲ್ಲ, ಪರಿಸರವಾದಿ ಅಂತ ಬೋರ್ಡು ಹಾಕಿಕೊಂಡವನೂ ಅಲ್ಲ. ನಮ್ಮ ಮನೆ ಹತ್ತಿರ ಒಂದು ಟೇಕಡಿ ಇದೆ (ಗುಡ್ಡಕ್ಕೆ ಇಲ್ಲಿಯವರು ಹೇಳುವುದು ಹಾಗೆ). ಅದರ ಬುಡದಲ್ಲಿ ಒಂದು ಹಳೇ ಟ್ರಸ್ಟಿನ ಖಾಲಿ ಜಾಗ. ಬೆಳಿಗ್ಗೆ ಜೊತೆಯಾಗಿ ವಾಕಿಂಗ್ ಹೋಗುವ ನಾವು ಆರು ಜನ, ಟ್ರಸ್ಟಿನವರ ಒಪ್ಪಿಗೆ ಪತ್ರ ತೆಗೆದುಕೊಂಡೇ, ಮೂರು ವರ್ಷದ ಹಿಂದೆ ಮೇ ತಿಂಗಳಲ್ಲಿ ಅಲ್ಲೊಂದು ಹೊಂಡ ತೋಡಿದೆವು. ಉದ್ದ 15 ಅಡಿ, ಅಗಲ 10 ಅಡಿ, ನಟ್ಟನಡುವೆ 2 ಅಡಿ ಆಳ. ಅಷ್ಟೇ!

ಜೆಸಿಬಿ ಕರೆಸಲಿಲ್ಲ. ನಾಲ್ಕು ಭಾನುವಾರ, ಎರಡು ಪಿಕಾಸಿ, ಮೂರು ಗುದ್ದಲಿ, ಒಂದಿಷ್ಟು ಬುಟ್ಟಿ. ಹಿಂದಿನ ಮಳೆಗಾಲದಲ್ಲಿ ಎಲ್ಲಿ ನೀರು ಎರಡು ಮೂರು ದಿನ ತಾನಾಗಿ ನಿಲ್ಲುತ್ತದೆ ಅಂತ ನೋಡಿಟ್ಟುಕೊಂಡಿದ್ದೆವು, ಅಲ್ಲೇ ಅಗೆದೆವು. ಬಾವಿಯ ಹಾಗೆ ನೆಟ್ಟಗೆ ಅಲ್ಲ, ಬಾಣಲೆಯ ಹಾಗೆ. ಅಂಚು ಎಷ್ಟು ಇಳಿಜಾರಾಗಿದ್ದರೆ ಅಷ್ಟು ಒಳ್ಳೆಯದು, ಬೆರಳಿನಷ್ಟು ಕಪ್ಪೆಮರಿಯೂ ಹತ್ತಿ ಹೊರಗೆ ಬರಬೇಕಲ್ಲ. ಕೆಳಗೆ ಗರಸು ಸಿಕ್ಕಿತು, ನೀರು ನಿಲ್ಲುವುದಿಲ್ಲ. ಒಂದು ಟ್ರೇಲರ್ ಎರೆಮಣ್ಣು ತರಿಸಿ, ಅರ್ಧ ಅಡಿ ಹರಡಿ, ನೀರು ಚಿಮುಕಿಸಿ, ಆರೂ ಜನ ಬರಿಗಾಲಲ್ಲಿ ತುಳಿದೆವು. ಬೇಸಿಗೆಯಲ್ಲಿ ಈ ಮಣ್ಣು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬಿ ತಾನೇ ಮುಚ್ಚಿಕೊಳ್ಳುತ್ತದೆ. ಹೊಲದಲ್ಲಿ ಬೆಳೆದ ನಮ್ಮಂಥವರಿಗೆ ಇದನ್ನು ಯಾವ ಇಂಜಿನಿಯರೂ ಹೇಳಿಕೊಡಬೇಕಾಗಿಲ್ಲ. ಮಣ್ಣು, ಚಹಾ, ವಡಾಪಾವ್ ಎಲ್ಲ ಸೇರಿ ಆರು ಸಾವಿರದ ಒಳಗೆ ಮುಗಿಯಿತು.

ಜೂನಿನಲ್ಲಿ ಮಳೆ ಬಂತು. ಮೂರನೇ ರಾತ್ರಿಯೇ ವಟವಟ ಶುರು! ನೋಡಿದರೆ ದೊಡ್ಡ ಗೋಂಕರು ಕಪ್ಪೆಗಳು, ಗಂಡುಗಳೆಲ್ಲ ಅರಿಶಿನ ಬಳಿದುಕೊಂಡ ಮದುವಣಿಗರ ಹಾಗೆ ಹಳದಿ ಹಳದಿ. ಎರಡು ವಾರದಲ್ಲಿ ಹೊಂಡದ ತುಂಬ ಗೊದಮೊಟ್ಟೆ. ಆಮೇಲೆ ಡ್ರ್ಯಾಗನ್‌ಫ್ಲೈ, ನಾವು ಚಿಕ್ಕವರಿದ್ದಾಗ ಹೆಲಿಕಾಪ್ಟರ್ ಹುಳ ಅನ್ನುತ್ತಿದ್ದೆವಲ್ಲ, ಅದು. ನವೆಂಬರಿನ ಹೊತ್ತಿಗೆ ಕೆಸರಿನ ಮೇಲೆ ನವಿಲಿನ ಹೆಜ್ಜೆ, ಮುಂಗುಸಿಯ ಹೆಜ್ಜೆ. ಜನವರಿಗೆ ರಾಡಿ. ಫೆಬ್ರವರಿಗೆ ಒಣಗಿದ ಮಣ್ಣು. ಮೂರು ವರ್ಷವೂ ಇದೇ ಕಥೆ.

ಈಗ ಬಂದವರ ವಿಷಯ. ಒಂದು ದೊಡ್ಡ ಕಂಪನಿ, ಹೆಸರು ಬೇಡ. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇಕಡಾ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಪರಿಸರ, ಪ್ರಾಣಿ ಸಸ್ಯಗಳ ರಕ್ಷಣೆಯೂ ಆ ಪಟ್ಟಿಯಲ್ಲಿದೆ. ಒಳ್ಳೆಯದೇ. ಆದರೆ ಅವರು ನೋಡಲು ಬಂದದ್ದು ಮಾರ್ಚ್‌ನಲ್ಲಿ. ಒಣಗಿದ ಹೊಂಡ ನೋಡಿ “ಪೂರ್ ಔಟ್‌ಕಮ್” ಅಂದರು. ಅವರ ಪ್ಲಾನು ಹೀಗಿದೆ: ಆರಡಿ ಆಳ ಮಾಡುವುದು, ಸಿಮೆಂಟ್ ಗೋಡೆ, ತಳಕ್ಕೆ ಪ್ಲಾಸ್ಟಿಕ್ ಹಾಳೆ, ಬೋರ್‌ವೆಲ್, ಸುತ್ತ ಟೈಲ್ಸ್, ಒಂದು ಕಾರಂಜಿ, ಸೊಳ್ಳೆ ಆಗದ ಹಾಗೆ ಮೀನು, ಮತ್ತೆ.. ಮುಖ್ಯವಾದದ್ದು.. ಕಂಪನಿಯ ಬೋರ್ಡು. ಟ್ರಸ್ಟಿನ ಹಿರಿಯರಿಗೂ ಆಸೆ ಹುಟ್ಟಿದೆ. ಬರುವ ತಿಂಗಳು ಮೀಟಿಂಗ್ ಇಟ್ಟಿದ್ದಾರೆ.

ನನ್ನ ವಾದ ಇಷ್ಟೇ ಸ್ವಾಮಿ. ಬತ್ತುವುದು ಈ ಹೊಂಡದ ಸೋಲಲ್ಲ, ಅದರ ಕೆಲಸ!

ವರ್ಷವಿಡೀ ನೀರಿರುವ ಕಡೆ ಮೀನು ಇರುತ್ತದೆ. ಮೀನಿದ್ದ ಕಡೆ ಕಪ್ಪೆಮೊಟ್ಟೆಗೂ ಗೊದಮೊಟ್ಟೆಗೂ ಉಳಿಗಾಲ ಕಡಿಮೆ. ಆದ್ದರಿಂದಲೇ ಎಷ್ಟೋ ಜಾತಿಯ ಕಪ್ಪೆಗಳು ದೊಡ್ಡ ಕೆರೆ ಬಿಟ್ಟು, ಮಳೆಗೆ ತುಂಬುವ ಗುಂಡಿಗಳನ್ನೇ ಹುಡುಕಿಕೊಂಡು ಹೋಗಿ ಮೊಟ್ಟೆ ಇಡುತ್ತವೆ. ನೀರು ಇಂಗುವುದರೊಳಗೆ ಕಾಲು ಮೂಡಬೇಕು, ಬಾಲ ಕರಗಬೇಕು, ಹೊರಗೆ ಜಿಗಿಯಬೇಕು. ಹೊಂಡ ಬತ್ತುತ್ತದೆ ಅನ್ನುವ ಕಾರಣಕ್ಕೇ ಅಲ್ಲಿ ಮೀನು ನೆಲೆಯೂರುವುದಿಲ್ಲ, ಮೀನಿಲ್ಲದ ಕಾರಣಕ್ಕೇ ಕಪ್ಪೆ ಉಳಿಯುತ್ತದೆ. ಫೇರಿ ಶ್ರಿಂಪ್ ಅನ್ನುವ ಸಣ್ಣ ಸೀಗಡಿಯಂಥ ಜೀವಿಯ ಮೊಟ್ಟೆಗಳಂತೂ ಒಣಗಿದ ಮಣ್ಣಿನಲ್ಲಿ ವರ್ಷಗಟ್ಟಲೆ ಕಾದು ಕೂತು, ನೀರು ಬಂದಾಗ ಒಡೆಯುತ್ತವೆ. ನೀವು ಖಾಲಿ ಅಂದುಕೊಂಡ ಆ ಮಣ್ಣು ಖಾಲಿ ಅಲ್ಲ, ಅದು ಫಿಕ್ಸೆಡ್ ಡಿಪಾಸಿಟ್!

ಆ ಹೆಲಿಕಾಪ್ಟರ್ ಹುಳದ ವಿಷಯ ಕೇಳಿ. ‘ಪಂಟಾಲಾ ಫ್ಲಾವೆಸೆನ್ಸ್’ ಅನ್ನುವ ಜಾತಿ ಮಳೆನೀರಿನ ತಾತ್ಕಾಲಿಕ ಗುಂಡಿಗಳಲ್ಲೇ ಹೆಚ್ಚಾಗಿ ಮೊಟ್ಟೆ ಇಡುತ್ತದೆ. ಒಂದೂವರೆ ಎರಡು ತಿಂಗಳಲ್ಲಿ ಮರಿ ಬೆಳೆದು ಹಾರುತ್ತದೆ. ಎಲ್ಲಿಗೆ? ಮಾಲ್ಡೀವ್ಸಿನಲ್ಲಿ ನೆಲೆಸಿದ್ದ ಚಾರ್ಲ್ಸ್ ಆಂಡರ್ಸನ್ ಎಂಬ ಜೀವವಿಜ್ಞಾನಿ, ಪ್ರತಿ ವರ್ಷ ಅಕ್ಟೋಬರಿನ ಹೊತ್ತಿಗೆ ಆ ದ್ವೀಪಗಳಿಗೆ ಇವು ಸಾವಿರಗಟ್ಟಲೆ ಬರುವುದನ್ನು ಗಮನಿಸಿ, ಇವು ಭಾರತದಿಂದ ಹೊರಟು ಹಿಂದೂ ಮಹಾಸಾಗರ ದಾಟಿ ಪೂರ್ವ ಆಫ್ರಿಕಕ್ಕೆ ಹೋಗುತ್ತವೆ ಅಂತ 2009ರಲ್ಲಿ ಬರೆದರು. ಎರಡು ಇಂಚಿನ ಹುಳ, ಸಾವಿರಾರು ಕಿಲೋಮೀಟರು! ಅಂಥ ಪಯಣಿಗನಿಗೆ ಹೊರಡಲು ಬೇಕಾದದ್ದು ಎರಡು ತಿಂಗಳು ನಿಲ್ಲುವ ಮೊಣಕಾಲುದ್ದದ ನೀರು. ಕಾರಂಜಿ ಅಲ್ಲ.

“ಸೊಳ್ಳೆ ಆಗುತ್ತಲ್ಲ?” ಇದು ಎರಡನೇ ಪ್ರಶ್ನೆ, ನ್ಯಾಯವಾದದ್ದೇ. ಹೊಸ ನೀರು ನಿಂತ ಮೊದಲ ದಿನಗಳಲ್ಲಿ ಸೊಳ್ಳೆಮರಿ ಕಾಣುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಆ ನೀರಿಗೆ ಡ್ರ್ಯಾಗನ್‌ಫ್ಲೈ ಮರಿ, ನೀರುಹುಳ ಎಲ್ಲ ಬರುತ್ತವೆ, ಅವುಗಳ ಊಟವೇ ಸೊಳ್ಳೆಮರಿ. ಇನ್ನು ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಗೆ ಬೇಕಾದದ್ದು ಡ್ರಮ್ಮು, ಕೂಲರು, ಹಳೇ ಟೈರು, ಹೂಕುಂಡದ ತಟ್ಟೆ. ಅಂದರೆ ನಮ್ಮ ಸೊಸೈಟಿಯ ಟೆರೇಸು! ಅಲ್ಲಿ ಟಾಂಕಿಯ ಮುಚ್ಚಳ ಹಾಕಿಸಲು ಮೂರು ಮೀಟಿಂಗ್ ಬೇಕು, ಇಲ್ಲಿ ಹೊಂಡದ ಮೇಲೆ ಆಪಾದನೆ. ಅವರು ಬಿಡುತ್ತೇವೆ ಅನ್ನುವ ಗಂಬೂಸಿಯಾ ಮೀನು ಅಮೆರಿಕದ್ದು. ಸೊಳ್ಳೆ ತಿನ್ನುತ್ತದೆ ಅಂತ ದೇಶದೇಶಕ್ಕೆ ಹಂಚಿದರು. ಈಗ ಐಯುಸಿಎನ್‌ನ ‘ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ’ ಪಟ್ಟಿಯಲ್ಲಿ ಅದರ ಹೆಸರಿದೆ. ಅದು ಸೊಳ್ಳೆಮರಿಯನ್ನಷ್ಟೇ ಆರಿಸಿ ತಿನ್ನುವ ವ್ರತವನ್ನೇನೂ ಹಿಡಿದಿಲ್ಲ. ಗೊದಮೊಟ್ಟೆಯನ್ನೂ ತಿನ್ನುತ್ತದೆ.

“ಬೇಸಿಗೆಯಲ್ಲೇ ಅಲ್ಲವೇ ಪ್ರಾಣಿಗಳಿಗೆ ನೀರು ಬೇಕಾದದ್ದು?” ಬೇಕು, ಒಪ್ಪಿದೆ. ಬಂಡೀಪುರದಂಥ ಕಾಡಿನಲ್ಲೂ ಸೋಲಾರ್ ಪಂಪಿನಿಂದ ನೀರು ತುಂಬಿಸುತ್ತಾರೆ. ಮನೆ ಮುಂದೆ ಹಕ್ಕಿಗೆ ಮಣ್ಣಿನ ತಟ್ಟೆಯಲ್ಲಿ ನೀರಿಡಿ, ಪುಣ್ಯದ ಕೆಲಸ. ಅದು ಪ್ರಥಮ ಚಿಕಿತ್ಸೆ. ಆದರೆ ಪ್ರಥಮ ಚಿಕಿತ್ಸೆ ಕೊಡಲು ಹೆರಿಗೆ ವಾರ್ಡು ಒಡೆಯುವುದೇ? ನೆಟ್ಟಗಿನ ಸಿಮೆಂಟ್ ಗೋಡೆಯ ತೊಟ್ಟಿಗೆ ಬಿದ್ದ ಓತಿಕ್ಯಾತ, ಅಳಿಲು, ಕಪ್ಪೆಮರಿ ಮೇಲೆ ಬರಲಾರದೆ ಸಾಯುತ್ತವೆ. ನೀರು ಕುಡಿಸುವುದೇ ಬೇರೆ, ಸಂತಾನ ಉಳಿಸುವುದೇ ಬೇರೆ.

ನನ್ನ ಸಹೋದ್ಯೋಗಿಯೊಬ್ಬರು ತಮಾಷೆಗೆ “ಆರು ತಿಂಗಳು ಒಣಗಿರುವ ಆಸ್ತಿ ಅಂದರೆ ಎನ್‌ಪಿಎ ಅಲ್ಲವೇನ್ರೀ” ಅಂದರು. ನಾನು ಹೇಳಿದೆ, ಸಾಮಾನ್ಯ ಸಾಲಕ್ಕೆ 90 ದಿನ ಅನ್ನುವ ನಿಯಮ ಇದ್ದರೂ, ಅಲ್ಪಾವಧಿ ಬೆಳೆ ಸಾಲಕ್ಕೆ ರಿಸರ್ವ್ ಬ್ಯಾಂಕೇ ಎರಡು ಹಂಗಾಮು ಕಾಯಿರಿ ಅಂದಿದೆ. ಯಾಕೆ? ಹೊಲಕ್ಕೆ ಕ್ಯಾಲೆಂಡರ್ ಬೇರೆ ಅಂತ ಅದಕ್ಕೂ ಗೊತ್ತು. ಏಪ್ರಿಲ್‌ನಲ್ಲಿ ಹೊಲ ಖಾಲಿ ಇದೆ ಅಂತ ಯಾವ ಮ್ಯಾನೇಜರೂ ರೈತನನ್ನು ದಿವಾಳಿ ಅನ್ನುವುದಿಲ್ಲ. ಹೊಂಡಕ್ಕೂ ಅದೇ ನ್ಯಾಯ ಯಾಕಿಲ್ಲ?

ಸರಕಾರದ ಲೆಕ್ಕವೂ ಹೀಗೇ. 2022ರ ಏಪ್ರಿಲ್‌ನಲ್ಲಿ ಶುರುವಾದ ಅಮೃತ ಸರೋವರ ಯೋಜನೆಯಲ್ಲಿ ಒಂದೊಂದು ಕೆರೆ ಕನಿಷ್ಠ ಒಂದು ಎಕರೆ ಇರಬೇಕು, ಸುಮಾರು 10,000 ಘನ ಮೀಟರ್ ನೀರು ಹಿಡಿಯಬೇಕು. ಯೋಜನೆ ಬೇಡ ಅನ್ನುತ್ತಿಲ್ಲ. ಆದರೆ ಹತ್ತಡಿಯ ಹೊಂಡಕ್ಕೆ ಅಲ್ಲಿ ಜಾಗವಿಲ್ಲ. 2023ರಲ್ಲಿ ಪ್ರಕಟವಾದ ದೇಶದ ಮೊದಲ ಜಲಕಾಯ ಗಣತಿಯಲ್ಲಿ 24.24 ಲಕ್ಷ ಕೆರೆ ಕುಂಟೆಗಳ ಲೆಕ್ಕ ಸಿಕ್ಕಿತು, ಸಂತೋಷ. ಅಲ್ಲಿ ಉಪಯೋಗದ ಕಾಲಮ್ಮಿನಲ್ಲಿ ನೀರಾವರಿ, ಮೀನು ಸಾಕಣೆ, ಕುಡಿಯುವ ನೀರು ಎಲ್ಲ ಇವೆ. ಕಪ್ಪೆ ಏನಿದ್ದರೂ ‘ಇತರೆ’! 1971ರ ರಾಮ್ಸರ್ ಒಪ್ಪಂದ ಮಾತ್ರ ಜೌಗು ಅಂದರೆ ಶಾಶ್ವತವಾದದ್ದೂ ಸೈ, ತಾತ್ಕಾಲಿಕವಾದದ್ದೂ ಸೈ ಅಂತ ಸ್ಪಷ್ಟವಾಗಿ ಹೇಳಿದೆ. ಐವತ್ತು ವರ್ಷ ಕಳೆದರೂ ನಮ್ಮ ತಲೆಗೆ ಇಳಿದಿಲ್ಲ.

ಇನ್ನು ನಮ್ಮ ವಿಷಯಕ್ಕೆ ಬರುತ್ತೇನೆ, ಪುಣೆ ಮುಂಬಯಿ ಹೈದರಾಬಾದಿನಲ್ಲಿ ಕೂತ ನಮ್ಮ ವಿಷಯಕ್ಕೆ. ಇದು ಸ್ವಲ್ಪ ಖಾರ ಅನ್ನಿಸಿದರೆ ಕ್ಷಮಿಸಿ. ನಮ್ಮೂರು ಹಾವೇರಿ ಜಿಲ್ಲೆಯಲ್ಲಿದೆ. ಊರ ಹೊರಗೆ ಒಂದು ಗೋಕಟ್ಟೆ ಇತ್ತು. ಮಳೆಗಾಲದಲ್ಲಿ ತುಂಬಿ ಸಂಕ್ರಾಂತಿ ದಾಟುವಷ್ಟರಲ್ಲಿ ಒಣಗುವಂಥದ್ದು. ದನಕ್ಕೂ ಅದೇ, ರಾತ್ರಿ ನರಿಗೂ ಅದೇ. “ವರ್ಷದಲ್ಲಿ ಅರ್ಧ ಒಣಗಿರುತ್ತೆ, ವೇಸ್ಟ್ ಜಾಗ” ಅಂತ ಅದನ್ನು ಮುಚ್ಚಿ ಸಮುದಾಯ ಭವನ ಕಟ್ಟಿದರು. ಚಂದಾ ಎಲ್ಲಿಂದ ಬಂತು ಅಂದುಕೊಂಡಿರಿ? ಊರು ಬಿಟ್ಟು ಬಂದ ನಮ್ಮಂಥವರ ಜೇಬಿನಿಂದ! ನಾನು ಬೇಡ ಅಂದೆ, ಚಂದಾ ಕೊಡಲಿಲ್ಲ. “ಪುಣೆಗೆ ಹೋಗಿ ದೊಡ್ಡ ಸಾಹೇಬ ಆಗ್ಯಾನ, ಊರ ಕೆಲಸಕ್ಕ ಬಿಡಿಗಾಸು ಬಿಚ್ಚಲಿಲ್ಲ” ಅಂತ ಇವತ್ತಿಗೂ ಅನ್ನಿಸಿಕೊಳ್ಳುತ್ತೇನೆ. ಅನ್ನಿಸಿಕೊಳ್ಳುತ್ತೇನೆ ಬಿಡಿ. ಭವನದಲ್ಲಿ ವರ್ಷಕ್ಕೆ ಎಂಟು ಮದುವೆ. ಉಳಿದ ದಿನ ಬೀಗ. ಈಗ ಹೇಳಿ, ವರ್ಷದಲ್ಲಿ ಹೆಚ್ಚು ದಿನ ‘ವೇಸ್ಟ್’ ಆಗಿರುವುದು ಯಾವುದು?

ಮಂಡ್ಯ ಜಿಲ್ಲೆ ಮಳವಳ್ಳಿ ತಾಲೂಕು ದಾಸನದೊಡ್ಡಿಯ ಕಾಮೇಗೌಡರ ಹೆಸರು ಕೇಳಿರುತ್ತೀರಿ. ಕುರಿ ಕಾಯುವವರು. ಕುಂದಿನಿ ಬೆಟ್ಟದಲ್ಲಿ ಹಕ್ಕಿ ಪ್ರಾಣಿಗೆ ನೀರಿಲ್ಲ ಅಂತ ಕಂಡು, ಕುರಿ ಮಾರಿದ ಹಣದಲ್ಲಿ ಹಾರೆ ಗುದ್ದಲಿ ತಂದು ಕಟ್ಟೆ ತೋಡಲು ಶುರುಮಾಡಿದರು. 2020ರ ಜೂನ್‌ನಲ್ಲಿ ಪ್ರಧಾನಿಗಳು ಮನ್ ಕಿ ಬಾತ್‌ನಲ್ಲಿ ಅವರ ಹೆಸರು ಹೇಳಿದ ಮೇಲೆ ನಾವೆಲ್ಲ ವಾಟ್ಸಪ್‌ನಲ್ಲಿ ಫಾರ್ವರ್ಡ್ ಮಾಡಿದ್ದೇ ಮಾಡಿದ್ದು. 2022ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡಾಗ ಇನ್ನೊಂದು ಸಲ ಫಾರ್ವರ್ಡ್. ಕೈಮುಗಿದ ಇಮೋಜಿ ಹಾಕಿದವರಲ್ಲಿ ಎಷ್ಟು ಜನ ತಮ್ಮೂರಿನ ಗುಂಡಿ ಇದೆಯೋ ಮುಚ್ಚಿದರೋ ಅಂತ ಫೋನ್ ಮಾಡಿ ವಿಚಾರಿಸಿದೆವು?

ತೋಡುವ ಮನಸ್ಸಿದ್ದವರಿಗೆ ಎರಡು ಎಚ್ಚರಿಕೆ. ಒಂದು, ಅರಣ್ಯ ಇಲಾಖೆಯ ಜಾಗದಲ್ಲಿ ಅನುಮತಿ ಇಲ್ಲದೆ ಗುದ್ದಲಿ ಹಾಕಬೇಡಿ. ಎರಡು, ಸಾತಾರೆ ಹತ್ತಿರದ ಕಾಸ್‌ನಂಥ ಕಲ್ಲಿನ ಪಠಾರಗಳಲ್ಲಿ ಅಗೆಯಲೇಬೇಡಿ. ಅಲ್ಲಿ ಬಂಡೆಯ ತಗ್ಗುಗಳೇ ಮಳೆಗಾಲದ ಹೊಂಡಗಳು, ಅಲ್ಲಿ ನಮ್ಮ ಉಪಕಾರ ಬೇಕಿಲ್ಲ. ಬೇಕಾದದ್ದು ನಾವು ಹಾಳುಮಾಡಿದ ಕಡೆ: ಲೇಔಟ್ ಪಕ್ಕದ ಖಾಲಿ ಸೈಟು, ಕಾಲೇಜಿನ ಹಿತ್ತಲು, ಸ್ವಂತ ಹೊಲದ ಮೂಲೆ. ಏಪ್ರಿಲ್ ಮೇನಲ್ಲಿ ತೋಡಿ. ಮೀನು ಬಿಡಬೇಡಿ, ಪ್ಲಾಸ್ಟಿಕ್ ಹಾಕಬೇಡಿ, ಬತ್ತಿದಾಗ ಟ್ಯಾಂಕರ್ ತರಿಸಬೇಡಿ. ಕೈಯಿಂದ ತೋಡಿದ ಹೊಂಡಕ್ಕೆ ಇನ್ನೊಂದು ಲಾಭವಿದೆ, ನಮ್ಮ ಸೊಂಟವೇ ಅದರ ಅಳತೆ ಇಡುತ್ತದೆ. ಆರಡಿ ಆಳದ ದುರಾಸೆ ಬರುವುದಿಲ್ಲ!

ಟ್ರಸ್ಟಿನ ಮೀಟಿಂಗಿನಲ್ಲಿ ನಾನು ಹೇಳುವುದು ಒಂದೇ ಮಾತು. ನಿಮ್ಮ ದುಡ್ಡಿನಲ್ಲಿ ಇಂಥವೇ ಇಪ್ಪತ್ತು ಮಣ್ಣಿನ ಹೊಂಡ ತೋಡಿಸಿ, ಬೋರ್ಡು ಬೇಕಾದರೆ ಇಪ್ಪತ್ತು ಹಾಕಿ. ಇದೊಂದನ್ನು ಮುಟ್ಟಬೇಡಿ.

ನಿಮಗೆ ಹೇಳುವುದೂ ಒಂದೇ ಮಾತು. ಊರಿನಿಂದ ಮುಂದಿನ ಸಲ ಚಂದಾ ಪುಸ್ತಕ ಬಂದಾಗ, ಭವನವೋ ಮಹಾದ್ವಾರವೋ ಏನೇ ಇರಲಿ, ರಸೀತಿ ಹರಿಸುವ ಮೊದಲು ಒಂದು ಪ್ರಶ್ನೆ ಕೇಳಿ: “ಅದು ಯಾವ ಜಾಗ? ಮಳೆಗಾಲದಲ್ಲಿ ಅಲ್ಲಿ ನೀರು ನಿಲ್ಲುತ್ತಿತ್ತಾ?” ಹೌದು ಅಂದರೆ ಜೇಬಿನಿಂದ ಕೈ ಹೊರಗೆ ತೆಗೆಯಬೇಡಿ. ಕಂಜೂಸ್ ಅನ್ನಿಸಿಕೊಂಡರೂ ಪರವಾಗಿಲ್ಲ, ನನಗೆ ಜೊತೆ ಸಿಕ್ಕಂತಾಗುತ್ತದೆ.

ಏನಂತೀರಿ?