ಮಳೆಗಾಲ ಬಿಟ್ಟು ಗುಡ್ಡದ ಜಾತಕ ಬರೆಯಬಹುದೇ?

ನಮ್ಮ ಪಕ್ಕದ ಊರಿನ ಗುಡ್ಡಕ್ಕೆ ಗಣಿ ಬರುತ್ತದಂತೆ ಎಂಬ ಸುದ್ದಿ ಹಬ್ಬಿ ವರ್ಷವಾಯಿತು. ಕಳೆದ ಫೆಬ್ರವರಿಯಲ್ಲಿ ಇಬ್ಬರು ಹುಡುಗರು ಜೀಪಿನಲ್ಲಿ ಬಂದು ನಮ್ಮ ಬಾವಿಯಿಂದ ಬಾಟಲಿಗೆ ನೀರು ತುಂಬಿಸಿಕೊಂಡರು. "ಎಂತಕ್ಕೆ ಮಾರಾಯ್ರೆ?" ಎಂದು ಕೇಳಿದೆ. "ಪರಿಸರ ಅಧ್ಯಯನಕ್ಕೆ" ಎಂದರು. ಕಾಫಿ ಕೊಟ್ಟು, "ಮಳೆಗಾಲದಲ್ಲೂ ಬರ್ತೀರಾ?" ಎಂದೆ. "ಇಲ್ಲ, ಒಂದು ಸೀಸನ್ ಸಾಕು. ಮಳೆಗಾಲದ್ದು ಬೇಡ."

ಹುಡುಗರ ತಪ್ಪಲ್ಲ. ಗಣಿಗಳ ಪರಿಸರ ಪರಿಣಾಮ ಅಧ್ಯಯನಕ್ಕೆ ಕೇಂದ್ರ ಪರಿಸರ ಮಂತ್ರಾಲಯ ಮಾಡಿಟ್ಟ ಮಾದರಿ ಪಟ್ಟಿಯಲ್ಲೇ ಹೀಗಿದೆ: ಗಾಳಿ, ನೀರು, ಮಣ್ಣು, ಗಿಡಮರ, ಪ್ರಾಣಿಗಳ ಲೆಕ್ಕ ಮಳೆಗಾಲ ಬಿಟ್ಟು ಒಂದು ಋತುವಿನದ್ದು. ಬೇಸಿಗೆ, ಮಳೆ ಮುಗಿದ ಮೇಲಿನ ಮೂರು ತಿಂಗಳು, ಇಲ್ಲವೇ ಚಳಿಗಾಲ. ನೋಡಬೇಕಾದ ಜಾಗ ಗಣಿಯ ಗಡಿಯಿಂದ ಸುತ್ತ 10 ಕಿಲೋಮೀಟರ್.

ಧೂಳು ಅಳೆಯಲು ಬೇಸಿಗೆಯೇ ಸರಿ, ಒಪ್ಪೋಣ. ಆದರೆ ಕರಾವಳಿ, ಮಲೆನಾಡಿನಲ್ಲಿ ಗುಡ್ಡ ಜರಿಯುವುದು, ಹೂಳು ತೋಟಕ್ಕೆ ನುಗ್ಗುವುದು, ಒರತೆ ಏಳುವುದು ಎಲ್ಲ ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಫೆಬ್ರವರಿಯಲ್ಲಿ ನಮ್ಮ ತೋಡಿನ ನೀರು ಕನ್ನಡಿಯ ಹಾಗೆ. ಆಗ ಬಂದು ಹೂಳಿನ ಲೆಕ್ಕ ಬರೆಯುವುದೆಂದರೆ, ಬೇಸಿಗೆಯಲ್ಲಿ ತೋಟ ಸುತ್ತಿ "ಇಲ್ಲಿ ಕೊಳೆರೋಗ ಇಲ್ಲ" ಎಂದು ಬರೆದ ಹಾಗೆ.

ಕುದುರೆಮುಖವನ್ನೇ ನೋಡಿ. ಅಲ್ಲಿ ಕಬ್ಬಿಣದ ಅದಿರಿನ ಕಂಪೆನಿ ಶುರುವಾದದ್ದು 1976ರಲ್ಲಿ. ಪರಿಣಾಮ ಅಧ್ಯಯನದ ಕಾನೂನು ಬಂದದ್ದು 1994ರಲ್ಲಿ, ಜನರ ಅಹವಾಲು ಕೇಳಬೇಕೆಂಬ ನಿಯಮ 1997ರಲ್ಲಿ. ಸುಪ್ರೀಂ ಕೋರ್ಟು 2002ರಲ್ಲಿ ತೀರ್ಪು ಕೊಟ್ಟು, 2005ರ ಕೊನೆಗೆ ಗಣಿ ನಿಂತಿತು. ವಿಜ್ಞಾನಿಗಳು ಭದ್ರಾ ನದಿಯ ಹೂಳನ್ನು ಮಳೆಗಾಲದಲ್ಲೇ ಅಳೆದು ನೋಡಿದಾಗ ತಿಳಿದದ್ದು ಎರಡು ಸಂಗತಿ. ಗಣಿ ಇದ್ದ ಜಾಗ ಜಲಾನಯನದಲ್ಲಿ ಸಣ್ಣ ತುಂಡು, ಅಲ್ಲಿಂದ ಬಂದ ಹೂಳಿನ ಪಾಲು ಮಾತ್ರ ಬಹಳ ದೊಡ್ಡದು. ಅದರಲ್ಲಿ ಹೆಚ್ಚಿನದು ಹರಿದದ್ದು ಜಡಿಮಳೆಯ ಕೆಲವೇ ದಿನಗಳಲ್ಲಿ. ಆ ಕೆಲವು ದಿನ ಬಿಟ್ಟರೆ ಲೆಕ್ಕವೇ ತಲೆಕೆಳಗು. ಹೂಳು 10 ಕಿಲೋಮೀಟರಿನ ಗೆರೆ ನೋಡಿ ನಿಲ್ಲುವುದೂ ಇಲ್ಲ.

ಗಣಿಯೇ ಬೇಡ ಎಂದು ನಾನು ಹೇಳುತ್ತಿಲ್ಲ. ಹಾರೆ, ಪಂಪು, ಮಾಡಿನ ಶೀಟು ಎಲ್ಲ ಯಾವುದೋ ಗುಡ್ಡದಿಂದಲೇ ಬಂದದ್ದು. ಊರಿನ ಹುಡುಗರಿಗೆ ಕೆಲಸವೂ ಬೇಕು. ಬೇಕೋ ಬೇಡವೋ ಎಂದು ತೀರ್ಮಾನಿಸುವವರ ಮುಂದೆ ಸರಿಯಾದ ಲೆಕ್ಕ ಇರಲಿ ಎಂಬುದಷ್ಟೇ ನನ್ನ ಮಾತು. ಆ ಲೆಕ್ಕ ಮಾಡಿಸುವುದು ಗಣಿಯವರೇ, ಅವರದೇ ದುಡ್ಡಿನಲ್ಲಿ. ನಾವು ಸುಮ್ಮನಿದ್ದರೆ ನಮ್ಮ ತೋಡಿನ ಪರವಾಗಿ ಬರೆಯುವವರು ಯಾರು?

ಕೆಲವು ವರ್ಷ ಹಿಂದೆ ಬೇರೊಂದು ಊರಿನ ಅಹವಾಲು ಸಭೆಗೆ ಹೋಗಿದ್ದೆ. ಜನ ಬೊಬ್ಬೆ ಹಾಕಿದರು, ಮಧ್ಯಾಹ್ನಕ್ಕೆ ಬಸ್ಸು ಹಿಡಿದು ಮನೆಗೆ ಹೋದರು. ಕೈಯಲ್ಲಿ ಒಂದು ಅಂಕಿ ಇದ್ದವರು ಯಾರೂ ಇರಲಿಲ್ಲ, ನನ್ನನ್ನೂ ಸೇರಿಸಿ. "ನೀರು ಕಮ್ಮಿ ಆಗ್ತದೆ ಸ್ವಾಮೀ" ಎಂದರೆ "ಎಷ್ಟು?" ಎಂಬ ಪ್ರಶ್ನೆಗೆ ಉತ್ತರ ಇರಲಿಲ್ಲ.

ಹಾಗಾಗಿ ನಾವು ನಾಲ್ಕು ಮನೆಯವರು ಸೇರಿ ಈ ಸಲ ಹೀಗೆ ಯೋಚಿಸಿದ್ದೇವೆ. ಮಳೆ ಅಳೆಯುವ ಅಭ್ಯಾಸ ನಮ್ಮಲ್ಲಿ ಹಲವರಿಗೆ ಇದ್ದೇ ಇದೆ, ಆ ಪುಸ್ತಕ ತೆಗೆದಿಡುವುದು. ಬಾವಿಗೆ ಗಂಟು ಹಾಕಿದ ಹಗ್ಗ ಇಳಿಸಿ ತಿಂಗಳಿಗೊಮ್ಮೆ ನೀರಿನ ಮಟ್ಟ ಬರೆಯುವುದು. ಊರಿನ ಸುರಂಗ, ಮದಕ, ಕಟ್ಟಗಳ ಪಟ್ಟಿ, ಯಾವುದು ಯಾವ ತಿಂಗಳವರೆಗೆ ನೀರು ಕೊಡುತ್ತದೆ ಎಂಬುದರ ಸಮೇತ. ಜೋರು ಮಳೆಯ ದಿನ ತೋಡಿನ ನೀರನ್ನು ಒಂದೇ ಅಳತೆಯ ಬಾಟಲಿಗೆ ತುಂಬಿಸಿ, ಅಲುಗಿಸದೆ ಇಟ್ಟು, ತಳದಲ್ಲಿ ಕೂತ ಮಣ್ಣು ಎಷ್ಟೆಂದು ತಾರೀಕು ಹಾಕಿ ಬರೆಯುವುದು. ಇದು ಪ್ರಯೋಗಾಲಯದ ಕೆಲಸಕ್ಕೆ ಸಮವಲ್ಲ. ಆದರೆ "ಮಳೆಗಾಲದಲ್ಲೂ ನೀವೇ ಅಳೆಯಿರಿ" ಎಂದು ಕೇಳಲು ಗಟ್ಟಿ ಆಧಾರ.

ಇದನ್ನು ಯಾವಾಗ ಕೊಡಬೇಕು ಎಂಬುದೂ ಮುಖ್ಯ. ಏನೇನು ಅಧ್ಯಯನ ಮಾಡಬೇಕೆಂದು ಪರಿಣತರ ಸಮಿತಿ ಪಟ್ಟಿ ಹಾಕುವಾಗಲೇ ಪತ್ರ ಬರೆಯುವುದು ಒಳ್ಳೆಯದು. ಆಗ ನಮ್ಮನ್ನು ಯಾರೂ ಕರೆಯುವುದಿಲ್ಲ, ನಾವೇ ಹೋಗಬೇಕು. ನಮ್ಮ ಊರಲ್ಲಿ ಆ ಹೊತ್ತು ತಪ್ಪಿಹೋಯಿತು. ಆದರೂ ಅಹವಾಲು ಸಭೆ ಬಾಕಿ ಇದೆ. ಸಭೆಗೆ 30 ದಿನ ಮೊದಲೇ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು, ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಬರಲಾಗದವರು ಬರೆದು ಕಳಿಸಬಹುದು. ಕೊನೆಯಲ್ಲಿ ಸಭೆಯ ನಡಾವಳಿಯನ್ನು ಕನ್ನಡದಲ್ಲಿ ಓದಿ ಹೇಳಬೇಕು. ಅದನ್ನು ಕೇಳಿ, ಬಿಟ್ಟುಹೋದದ್ದನ್ನು ಸೇರಿಸಿಯೇ ಏಳಬೇಕು. ಜನ ಎತ್ತಿದ ಮುಖ್ಯ ಸಂಗತಿಗಳಿಗೆ ಗಣಿಯವರು ಅಂತಿಮ ವರದಿಯಲ್ಲಿ ಉತ್ತರ ಕೊಡಲೇಬೇಕೆಂದು 2006ರ ಅಧಿಸೂಚನೆಯಲ್ಲಿದೆ.

ಅಲ್ಲಿ ನಮ್ಮ ಬೇಡಿಕೆ ಮೂರೇ. ಒಂದು ಮಳೆಗಾಲದ ಅಳತೆ ಸೇರಿಸಿ. ವೃತ್ತ ಎಳೆದು ನಿಲ್ಲಬೇಡಿ, ನೀರು ಹೋದ ದಾರಿಯಲ್ಲಿ ಕೆಳಗಿನ ಊರಿನ ತನಕ ಹೋಗಿ. ಅಗೆದು ತೆಗೆದ ಮಣ್ಣು ಎಲ್ಲಿ ರಾಶಿ ಬೀಳುತ್ತದೆ, ಅದು ಜರಿದರೆ ಯಾರ ತೋಟಕ್ಕೆ, ಸರಿಮಾಡುವವರು ಯಾರು, ಬರೆದು ಕೊಡಿ.

ನಿಮ್ಮೂರಿಗೆ ಗಣಿ ಬರುವ ಸುದ್ದಿ ಇಲ್ಲದಿರಬಹುದು. ಆದರೂ ಬರುವ ಜೂನ್‌ನಲ್ಲಿ ಒಂದು ಪುಸ್ತಕ ಶುರುಮಾಡಿ. ಸುದ್ದಿ ಬಂದ ಮೇಲೆ ಹಿಂದಿನ ಮಳೆಯನ್ನು ಅಳೆಯಲು ಆಗುವುದಿಲ್ಲ.