ಒಂದೇ ಕೋಲಿನಲ್ಲಿ ಅಳೆಯಲಾಗದ ಆಟಗಳು

ಮೇ ತಿಂಗಳ ಯಾವುದಾದರೂ ಶನಿವಾರ ರಾತ್ರಿ ಕುಂದಾಪುರದಿಂದ ಬೈಂದೂರಿನ ಕಡೆಗೋ ಬ್ರಹ್ಮಾವರದ ಕಡೆಗೋ ಹೊರಟರೆ ದಾರಿಯಲ್ಲಿ ಎಲ್ಲಾದರೂ ಒಂದು ಬೈಲು ಹಗಲಿನಂತೆ ಬೆಳಗುತ್ತಿರುತ್ತದೆ. ಹತ್ತಿರ ಹೋದರೆ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾಟ. ಇನ್ನೊಂದು ಊರಿನಲ್ಲಿ ಕಬಡ್ಡಿ, ಮತ್ತೊಂದು ಕಡೆ ಟೆನಿಸ್ ಚೆಂಡಿನ ಕ್ರಿಕೆಟ್. ಅಂಗಡಿಯ ಜಗಲಿಯಲ್ಲಿ ಕುಳಿತವರ ಮೊಬೈಲಿನಲ್ಲಿ ಐಪಿಎಲ್. ಇವೆಲ್ಲವನ್ನೂ ನಿಂತು ನೋಡುವ ಅಭ್ಯಾಸ ನನ್ನದು.

ಇಷ್ಟೊಂದು ಆಟಗಳು ಬೇಸಿಗೆಯಲ್ಲೇ, ಅದೂ ರಾತ್ರಿಯಲ್ಲೇ ಯಾಕೆ? ನಮ್ಮ ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುವುದರಿಂದ ಆ ತಿಂಗಳುಗಳಲ್ಲಿ ಬಯಲಿನ ಆಟಗಳಿಗೆ ಜಾಗವೇ ಇಲ್ಲ. ಕೊಯ್ಲು ಮುಗಿದು ಒಣಗಿದ ಗದ್ದೆಯೇ ಹಳ್ಳಿಯ ಕ್ರೀಡಾಂಗಣ. ಆದರೆ ಆಗ ಸೆಕೆಯ ಕಾಟ. ಮೈ ತಣ್ಣಗಾಗುವುದು ಬೆವರು ಸುರಿಯುವುದರಿಂದಲ್ಲ, ಸುರಿದ ಬೆವರು ಆರುವುದರಿಂದ. ಕಡಲ ತಡಿಯ ಗಾಳಿಯಲ್ಲಿ ಮೊದಲೇ ನೀರಿನ ಅಂಶ ತುಂಬಿರುವುದರಿಂದ ಬೆವರು ಬೇಗ ಆರುವುದಿಲ್ಲ, ಒಳಗಿನ ಬಿಸಿ ಒಳಗೇ ಉಳಿಯುತ್ತದೆ. ಅದಕ್ಕೇ ಬಿಸಿಲು ಇಳಿದ ಮೇಲೆ ಆಟ ಶುರು. ಎಷ್ಟೋ ಸಲ ಫೈನಲ್ ಮುಗಿಯುವ ಹೊತ್ತಿಗೆ ಬೆಳಗಾಗಿರುತ್ತದೆ.

ಇಷ್ಟು ಬಗೆಯ ಆಟ ನೋಡಿದರೆ ತಲೆ ಗೊಂದಲವಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ನನಗೆ ದಾರಿ ತೋರಿಸುವುದು ಒಂದೇ ಪ್ರಶ್ನೆ: ಈ ಆಟದಲ್ಲಿ ಎಣಿಸುವುದು ಏನನ್ನು? ಅದು ತಿಳಿದರೆ ಆಟಗಾರ ಯಾವುದಕ್ಕಾಗಿ ಹೆಣಗುತ್ತಾನೆ ಎಂಬುದು ತಾನಾಗಿ ತಿಳಿಯುತ್ತದೆ.

ವಾಲಿಬಾಲನ್ನೇ ನೋಡಿ. ಹಿಂದೆ ಸರ್ವಿಸ್ ಮಾಡುವ ತಂಡಕ್ಕೆ ಮಾತ್ರ ಅಂಕ ಸಿಗುತ್ತಿತ್ತು. ಎದುರಿನ ತಂಡ ಗೆದ್ದರೆ ಅದಕ್ಕೆ ಸಿಗುತ್ತಿದ್ದದ್ದು ಸರ್ವಿಸ್ ಮಾಡುವ ಹಕ್ಕು ಅಷ್ಟೇ. ಸೆಟ್ 15 ಅಂಕದ್ದಾದರೂ ಎಷ್ಟು ಹೊತ್ತಿಗೆ ಮುಗಿದೀತು ಎಂದು ಹೇಳುವಂತಿರಲಿಲ್ಲ. 1990ರ ದಶಕದ ಕೊನೆಯಲ್ಲಿ ನಿಯಮ ಬದಲಾಯಿತು. ಈಗ ಚೆಂಡು ಪ್ರತಿ ಸಲ ನೆಲಕ್ಕೆ ಬಿದ್ದಾಗಲೂ ಯಾರಾದರೊಬ್ಬರಿಗೆ ಅಂಕ ಇದ್ದೇ ಇದೆ. ಸೆಟ್ 25ಕ್ಕೆ, ನಿರ್ಣಾಯಕ ಸೆಟ್ 15ಕ್ಕೆ, ಗೆಲ್ಲಲು ಎರಡು ಅಂಕಗಳ ಅಂತರ ಬೇಕು. ಇದರಿಂದ ಆಟದ ಗುಣವೇ ಬದಲಾಯಿತು. ಮೊದಲು ಕೆಟ್ಟ ಸರ್ವಿಸ್‌ಗೆ ತೆರಬೇಕಾದದ್ದು ಸರ್ವಿಸ್ ಸರದಿ ಮಾತ್ರ, ಈಗ ಅದರ ಬೆಲೆ ಎದುರಾಳಿಗೆ ಒಂದು ಅಂಕ. ಬಿರುಸಾಗಿ ಹೊಡೆಯಲೋ, ಸುರಕ್ಷಿತವಾಗಿ ದಾಟಿಸಲೋ ಎಂಬ ಲೆಕ್ಕಾಚಾರ ಆಟಗಾರನ ಮನಸ್ಸಿನಲ್ಲಿ ನಡೆಯುತ್ತಿರುತ್ತದೆ. ಒಂದೇ ರಾತ್ರಿಯಲ್ಲಿ ಹಲವು ತಂಡಗಳನ್ನು ಆಡಿಸಿ ಮುಗಿಸುವ ನಮ್ಮ ಸಂಘಟಕರಿಗೂ ಇದರಿಂದ ಅನುಕೂಲವಾಗಿದೆ.

ಕಬಡ್ಡಿಯಲ್ಲಿ ಎಣಿಸುವುದು ಜನರನ್ನು. ಎದುರಾಳಿಯ ಅಂಕಣಕ್ಕೆ ನುಗ್ಗುವ ರೈಡರ್ ಅಲ್ಲಿ ಒಬ್ಬನನ್ನು ಮುಟ್ಟಿ ಬಂದರೆ ತಂಡಕ್ಕೆ ಒಂದು ಅಂಕ, ಮುಟ್ಟಿಸಿಕೊಂಡವ ಹೊರಗೆ, ಜೊತೆಗೆ ಹೊರಗೆ ಕುಳಿತ ತನ್ನ ಕಡೆಯ ಒಬ್ಬ ಒಳಗೆ. ಹೀಗೆ ಗೆಲ್ಲುವ ತಂಡ ಬೆಳೆಯುತ್ತದೆ, ಸೋಲುವ ತಂಡ ಸಣ್ಣದಾಗುತ್ತದೆ. ಏಳೂ ಜನ ಹೊರಗೆ ಹೋದರೆ ಆಲೌಟ್, ಎದುರಾಳಿಗೆ ಇನ್ನೆರಡು ಅಂಕ. ಆದರೆ ಸೋಲುವವರಿಗೂ ನಿಯಮ ಒಂದು ಬಾಗಿಲು ತೆರೆದಿಟ್ಟಿದೆ. ಅಂಕಣದಲ್ಲಿ ಮೂವರೋ ಅದಕ್ಕಿಂತ ಕಡಿಮೆಯೋ ಉಳಿದಿರುವಾಗ ರೈಡರನ್ನು ಹಿಡಿದರೆ ಸೂಪರ್ ಟ್ಯಾಕಲ್, ಒಂದರ ಬದಲು ಎರಡು ಅಂಕ. ಮೂರೇ ಜನ ಉಳಿದಾಗ ಪ್ರೇಕ್ಷಕರ ಬೊಬ್ಬೆ ಜೋರಾಗುವುದು ಇದಕ್ಕೇ.

ಇನ್ನು ಭಾರ ಎತ್ತುವ ಆಟ. ಇದನ್ನು ನೋಡಲು ನನಗೆ ಕಲಿಸಿದ್ದು ನಮ್ಮ ಕುಂದಾಪುರ ಸೀಮೆಯ ವೇಟ್‌ಲಿಫ್ಟರ್ ಗುರುರಾಜ ಪೂಜಾರಿ ಅವರ ಸ್ಪರ್ಧೆಗಳು. ಇಲ್ಲಿ ಎರಡು ಬಗೆ. ಒಂದೇ ಎಳೆತಕ್ಕೆ ನೆಲದಿಂದ ತಲೆಯ ಮೇಲಕ್ಕೆ ಎತ್ತುವುದು ಸ್ನ್ಯಾಚ್. ಮೊದಲು ಹೆಗಲಿಗೆ, ಆಮೇಲೆ ತಲೆಯ ಮೇಲಕ್ಕೆ ಎತ್ತುವುದು ಕ್ಲೀನ್ ಅಂಡ್ ಜರ್ಕ್. ಪ್ರತಿಯೊಂದಕ್ಕೂ ಮೂರು ಅವಕಾಶ. ಎರಡರಲ್ಲೂ ಎತ್ತಿದ ಅತಿ ಹೆಚ್ಚಿನ ಭಾರವನ್ನು ಕೂಡಿಸುತ್ತಾರೆ. ಒಂದರಲ್ಲಿ ಮೂರೂ ಸಲ ವಿಫಲನಾದರೆ ಒಟ್ಟು ಲೆಕ್ಕವೇ ಇಲ್ಲ, ಅದರ ಪದಕವೂ ಇಲ್ಲ. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕೆ.ಜಿ. ವಿಭಾಗದಲ್ಲಿ ಗುರುರಾಜ್ ಸ್ನ್ಯಾಚ್‌ನಲ್ಲಿ 111 ಕೆ.ಜಿ. ಎತ್ತಿದರು. ಎರಡನೆಯ ಬಗೆಯಲ್ಲಿ ಮೊದಲ ಎರಡು ಪ್ರಯತ್ನಗಳು ಕೈಕೊಟ್ಟವು. ಉಳಿದದ್ದು ಒಂದೇ. ಆ ಕೊನೆಯ ಸಲ 138 ಕೆ.ಜಿ. ತಲೆಯ ಮೇಲೆ ನಿಂತಿತು. ಒಟ್ಟು 249 ಕೆ.ಜಿ., ಬೆಳ್ಳಿ ಪದಕ, ಆ ಕೂಟದಲ್ಲಿ ಭಾರತದ ಮೊದಲ ಪದಕ. ಮೂರನೆಯ ಸ್ಥಾನದವರು ಎತ್ತಿದ್ದು 248. ನಾಲ್ಕು ವರ್ಷಗಳ ನಂತರ ಬರ್ಮಿಂಗ್‌ಹ್ಯಾಮ್‌ನಲ್ಲಿ, 61 ಕೆ.ಜಿ. ವಿಭಾಗದಲ್ಲಿ, 269 ಕೆ.ಜಿ. ಎತ್ತಿ ಅವರು ಕಂಚು ಗೆದ್ದಾಗಲೂ ನಾಲ್ಕನೆಯವರಿಗಿಂತ ಮುಂದಿದ್ದದ್ದು ಒಂದೇ ಕಿಲೋ. ನಿಯಮ ತಿಳಿಯದವರಿಗೆ ಇದು ಕಬ್ಬಿಣ ಎತ್ತಿ ಇಳಿಸುವ ಕೆಲಸದಂತೆ ಕಂಡೀತು. ತಿಳಿದವರಿಗೆ ಆ ಕೊನೆಯ ಪ್ರಯತ್ನದ ಕೆಲವು ಸೆಕೆಂಡುಗಳಲ್ಲಿ ವರ್ಷಗಳ ಅಭ್ಯಾಸ ತೂಗಾಡುವುದು ಕಾಣುತ್ತದೆ.

ಈಗ ಕೆಸರುಗದ್ದೆಯಲ್ಲಿ ಕೋಣಗಳ ಜೋಡಿಯನ್ನು ಓಡಿಸುವ ಕಂಬಳ. ಮೇ ಹೊತ್ತಿಗೆ ಅದರ ಋತು ಮುಗಿದು ಕೋಣಗಳು ಹಟ್ಟಿಯಲ್ಲಿ ವಿಶ್ರಾಂತಿಯಲ್ಲಿರುತ್ತವೆ. ಆದರೆ ಕಂಬಳದ ಬಗೆಗಿನ ಮಾತು ಬೇಸಿಗೆಯಲ್ಲೂ ನಿಲ್ಲುವುದಿಲ್ಲ. 2020ರ ಫೆಬ್ರುವರಿಯಲ್ಲಿ ಐಕಳದ ಕಂಬಳದಲ್ಲಿ ಓಟಗಾರ ಶ್ರೀನಿವಾಸ ಗೌಡರು 142.50 ಮೀಟರ್ ಕರೆಯನ್ನು, ಅಂದರೆ ಕೆಸರಿನ ಓಟದ ಹಾದಿಯನ್ನು, ಕೋಣಗಳೊಂದಿಗೆ 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಭಾಗಿಸಿ ನೋಡಿ, 100 ಮೀಟರಿಗೆ 9.55 ಸೆಕೆಂಡಾಯಿತು, 2009ರಲ್ಲಿ ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ ಮಾಡಿದ 9.58ರ ದಾಖಲೆಗಿಂತ ಇದು ಕಡಿಮೆ ಎಂದರು. ಸುದ್ದಿ ದೇಶವೆಲ್ಲ ಹಬ್ಬಿತು.

ಭಾಗಾಕಾರ ಹೆಚ್ಚುಕಡಿಮೆ ಸರಿಯೇ, ಹೋಲಿಕೆ ಸರಿಯಲ್ಲ. ನಿಂತಲ್ಲಿಂದ ಹೊರಡುವ ಓಟಗಾರನಿಗೆ ವೇಗ ಹತ್ತಲು ಹೊತ್ತು ಬೇಕು. ಓಟ ಉದ್ದವಾದಷ್ಟೂ ಆ ನಿಧಾನದ ಆರಂಭ ಸರಾಸರಿಯಲ್ಲಿ ಕರಗುತ್ತದೆ. ಬೋಲ್ಟ್ ಅಂದು ಮಧ್ಯದಲ್ಲಿ ಮುಟ್ಟಿದ್ದ ವೇಗ ಗಂಟೆಗೆ ಸುಮಾರು 44 ಕಿಲೋಮೀಟರ್, ಅವನದೇ ಸರಾಸರಿಗಿಂತ ಬಹಳ ಹೆಚ್ಚು. ಇತ್ತ ಕಂಬಳದಲ್ಲಿ ಓಟಗಾರನನ್ನು ಕೋಣಗಳು ಮುಂದಕ್ಕೆ ಸೆಳೆಯುತ್ತವೆ, ಕೆಸರು ಹಿಂದಕ್ಕೆ ಎಳೆಯುತ್ತದೆ. ಎರಡರ ನಡುವೆ ಬೀಳದೆ, ಹಿಡಿತ ಬಿಡದೆ, ಕೋಣಗಳ ಹೆಜ್ಜೆಗೆ ಹೆಜ್ಜೆ ಸೇರಿಸಿ ಓಡುವುದೇ ಅವನ ವಿದ್ಯೆ. ಆ ವಿದ್ಯೆ ಬೋಲ್ಟ್‌ಗೆ ಬೇಕಿರಲಿಲ್ಲ.

ಕಂಬಳದ ಒಳಗೂ ಒಂದೇ ಅಳತೆಯಿಲ್ಲ. ಹಗ್ಗ, ನೇಗಿಲು, ಅಡ್ಡಹಲಗೆ ಎಂಬ ವಿಭಾಗಗಳಲ್ಲಿ ಮುಖ್ಯವಾದದ್ದು ವೇಗ. ಕನೆಹಲಗೆ ವಿಭಾಗದಲ್ಲಿ ನೋಡುವುದೇ ಬೇರೆ. ತೂತುಗಳಿರುವ ಹಲಗೆಯ ಮೇಲೆ ಒಂದು ಕಾಲೂರಿ ಓಡಿಸುವಾಗ ನೀರು ಮೇಲಕ್ಕೆ ಚಿಮ್ಮುತ್ತದೆ. ಅದು ಎತ್ತರದಲ್ಲಿ ಅಡ್ಡಲಾಗಿ ಕಟ್ಟಿದ ಬಟ್ಟೆಯನ್ನು, ಅಂದರೆ ನಿಶಾನೆಯನ್ನು, ಮುಟ್ಟಬೇಕು. ಕೋಲು ಎಂಬ ಸಾಂಪ್ರದಾಯಿಕ ಅಳತೆಯಲ್ಲಿ ನಿಶಾನೆಗಳು ಆರೂವರೆ ಕೋಲು, ಏಳೂವರೆ ಕೋಲು ಎತ್ತರದಲ್ಲಿರುತ್ತವೆ. ನಮ್ಮ ಕುಂದಾಪುರ, ಬೈಂದೂರು ಕಡೆಯ ಸಾಂಪ್ರದಾಯಿಕ ಕಂಬಳಗಳಲ್ಲಂತೂ ಗೆಲುವಿನಷ್ಟೇ ಮುಖ್ಯ ದೈವದ ಹರಕೆ, ಮನೆತನದ ಗದ್ದೆಯ ಮರ್ಯಾದೆ. ಅದನ್ನು ಅಳೆಯುವ ಸ್ಟಾಪ್‌ವಾಚ್ ಇಲ್ಲ.

ಇಷ್ಟೆಲ್ಲ ನೋಡಿದ ಮೇಲೆ ನನಗನ್ನಿಸುವುದು ಇದು. ಒಂದು ಆಟವನ್ನು ಇನ್ನೊಂದರ ಅಳತೆಯಲ್ಲಿ ಹೊಗಳುವುದೂ ಅದಕ್ಕೆ ಮಾಡುವ ಅನ್ಯಾಯವೇ. ಕಂಬಳದ ಓಟಗಾರನಿಗೆ ಬೋಲ್ಟ್‌ನ ಹೆಸರಿನ ಆಸರೆ ಬೇಕಿಲ್ಲ. ಅವನ ಆಟವನ್ನು ಅದರ ಕೋಲಿನಲ್ಲೇ ಅಳೆದರೆ ಸಾಕು, ದೊಡ್ಡದಾಗಿಯೇ ಕಾಣುತ್ತದೆ. ಅದಕ್ಕೆ ನೋಡುವವರಿಗೆ ಆ ಕೋಲು ಗೊತ್ತಿರಬೇಕು. ನಮ್ಮ ಪಂದ್ಯಾಟಗಳಲ್ಲಿ ಮೈಕು ಹಿಡಿದು ರಾತ್ರಿಯಿಡೀ ಜನರನ್ನು ಹಿಡಿದಿಡುವ ವೀಕ್ಷಕ ವಿವರಣೆಗಾರರಿದ್ದಾರೆ. ಆಟ ಶುರುವಾಗುವ ಮೊದಲು ಎರಡೇ ನಿಮಿಷ, ಇಲ್ಲಿ ಅಂಕ ಬರುವುದು ಹೇಗೆ ಎಂದು ಅವರು ತಿಳಿಸಿಕೊಟ್ಟರೆ ಗದ್ದೆಯಂಚಿನಲ್ಲಿ ಕುಳಿತ ಅಜ್ಜಿಗೂ ಮೊಮ್ಮಗಳಿಗೂ ಆಟ ತೆರೆದುಕೊಳ್ಳುತ್ತದೆ. ಮೇ ತಿಂಗಳಲ್ಲಿ ಶಾಲೆಗಳಿಗೆ ರಜೆ ಇರುತ್ತದೆ, ಮಳೆಗೆ ಇನ್ನೂ ಕೆಲವು ವಾರಗಳಿರುತ್ತವೆ. ಆಗ ಮಕ್ಕಳನ್ನು ಒಂದು ರಾತ್ರಿ ವಾಲಿಬಾಲಿಗೆ, ಇನ್ನೊಂದು ರಾತ್ರಿ ಕಬಡ್ಡಿಗೆ ಕರೆದುಕೊಂಡು ಹೋಗೋಣ. ಇಲ್ಲಿ ಎಣಿಸುವುದು ಏನನ್ನು ಎಂದು ಅವರೇ ಕೇಳಲಿ.