ಮೊದಲ ಹಂತದ ಪ್ರಯೋಗ: ರೋಗಿಗೆ ತಿಳಿಸಬೇಕಾದ ಸತ್ಯ

ಕ್ಯಾನ್ಸರ್ ಜೀವಕೋಶಗಳು ದೇಹದ ರಕ್ಷಣಾ ಕಣಗಳಿಗೆ ತಡೆಯೊಡ್ಡುತ್ತವೆ. ಆ ತಡೆಯನ್ನು ತೆಗೆಯುವುದೇ ನಿವೊಲುಮ್ಯಾಬ್ ಎಂಬ ಪ್ರತಿಕಾಯ ಔಷಧದ ಕೆಲಸ. ಮಾನವರ ಮೇಲೆ ನಡೆದ ಅದರ ಮೊದಲ ಪ್ರಯೋಗದ ವರದಿ ಅಮೆರಿಕದಲ್ಲಿ 2010ರಲ್ಲಿ ಪ್ರಕಟವಾಯಿತು. ಅನ್ಯ ಚಿಕಿತ್ಸೆ ಫಲಿಸದ 39 ರೋಗಿಗಳಲ್ಲಿ ಒಬ್ಬರ ಗಡ್ಡೆ ಪೂರ್ಣ ಮರೆಯಾಯಿತು. ಇಬ್ಬರದು ಗಣನೀಯವಾಗಿ ಕುಗ್ಗಿತು. ಬಹುತೇಕರಿಗೆ ಅಂತಹ ಫಲ ದೊರೆಯಲಿಲ್ಲ. ಆದರೂ ಅವರೆಲ್ಲರಿಂದ ದೊರೆತ ತಿಳಿವಳಿಕೆಯೇ ಮುಂದಿನ ರೋಗಿಗಳಿಗೆ ದಾರಿಯಾಯಿತು.

ಮೊದಲ ಹಂತದ ಪ್ರಯೋಗದ ಮುಖ್ಯ ಗುರಿ ಔಷಧದ ಸುರಕ್ಷಿತ ಪ್ರಮಾಣವನ್ನು ಅರಿಯುವುದು; ಗುಣವಾಗುವ ಭರವಸೆಯನ್ನು ಅದು ನೀಡಲಾರದು. ಇದನ್ನು ರೋಗಿಗೂ ಮನೆಯವರಿಗೂ ಅವರದೇ ನುಡಿಯಲ್ಲಿ ಮೊದಲೇ ತಿಳಿಸಬೇಕೆಂಬುದು ನಮ್ಮ ಅಭಿಮತ. ಆಸೆ ತೋರಿಸಿ ಪಡೆದ ಸಹಿ ಒಪ್ಪಿಗೆಯೆನಿಸದು. ಎಲ್ಲವನ್ನೂ ಅರಿತು ಮುಂದೆ ಬರುವವರದು ದೊಡ್ಡ ದಾನ. ಅದಕ್ಕೆ ಸುಳ್ಳು ಭರವಸೆಯ ಕಳಂಕ ತಾಗದಿರಲಿ.